ವಿದೇಶದಿಂದ ಕಾರು ತರಿಸುವುದು ಹೇಗೆ: ದುಡ್ಡು ಕಟ್ಟುವ ಮುಂಚೆ ಓದಬೇಕಾದ ಸಮಗ್ರ ಮಾರ್ಗದರ್ಶಿ

ವಿದೇಶದಲ್ಲಿ ಓಡಿಸುತ್ತಿದ್ದ ಕಾರನ್ನು ಊರಿಗೆ ತರಬೇಕು ಎಂದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಕಾರು ಕೊಳ್ಳುತ್ತಾರೆ, ಆಮೇಲೆ ಹಡಗು ಹತ್ತಿಸುತ್ತಾರೆ, ಕೊನೆಗೆ ನಿಯಮ ಏನು ಅಂತ ಕೇಳುತ್ತಾರೆ. ನಿಜವಾದ ಕ್ರಮ ಇದರ ಉಲ್ಟಾ. ಕಾರು ಬಂದರಿಗೆ ಬಂದು ನಿಂತ ಮೇಲೆ ಸರಿಪಡಿಸಲು ಆಗುವ ತಪ್ಪುಗಳು ತೀರಾ ಕಡಿಮೆ. ಅಲ್ಲಿ ನಿಂತ ಒಂದೊಂದು ದಿನಕ್ಕೂ ಬಾಡಿಗೆ ಏರುತ್ತಾ ಹೋಗುತ್ತದೆ.

ಇದು ಸ್ವಂತ ಬಳಕೆಗೆ ಒಂದು ಕಾರು ತಂದು ಕರ್ನಾಟಕದಲ್ಲಿ ನೋಂದಣಿ ಮಾಡಿಸುವವರಿಗೆ ಬರೆದದ್ದು. ಬೈಕ್, ವಿಂಟೇಜ್ ಕಾರು, ವ್ಯಾಪಾರಕ್ಕೆ ತರುವ ಗಾಡಿಗಳ ನಿಯಮ ಬೇರೆ. ಅವು ಇಲ್ಲಿಲ್ಲ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದವು

ಕಾರಿನ ನೋಂದಣಿ ಪತ್ರ, ಕೊಂಡ ಬಿಲ್, ದುಡ್ಡು ಬ್ಯಾಂಕಿನಿಂದಲೇ ಹೋಗಿದೆ ಎಂದು ತೋರಿಸುವ ದಾಖಲೆ, ಪಾಸ್‌ಪೋರ್ಟ್, ಪಾನ್, ಆಧಾರ್, ಕರ್ನಾಟಕದ ವಿಳಾಸದ ಪುರಾವೆ. ಇವುಗಳ ಜೊತೆ ಮುಖ್ಯವಾದದ್ದು ಇನ್ನೊಂದಿದೆ: ಕಾರು ತಯಾರಾದ ತಿಂಗಳು ಮತ್ತು ವರ್ಷವನ್ನು ಹೇಳುವ ತಯಾರಕರ ಪತ್ರ. ಇದನ್ನು ತರಿಸಲು ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ದಿನವೇ ಮೇಲ್ ಹಾಕಿ.

ವಿದೇಶದಲ್ಲಿ ಎಷ್ಟು ಕಾಲ ಇದ್ದಿರಿ, ಕಾರು ಎಷ್ಟು ಕಾಲ ನಿಮ್ಮ ಹೆಸರಿನಲ್ಲಿತ್ತು ಎಂಬುದಕ್ಕೂ ಕಾಗದ ಇಟ್ಟುಕೊಳ್ಳಿ. ವೀಸಾ ಪುಟಗಳು, ಹಳೇ ಇನ್ಶೂರೆನ್ಸ್, ಸರ್ವಿಸ್ ಬುಕ್, ಯಾವುದನ್ನೂ ಎಸೆಯಬೇಡಿ.

ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ತರುವ ವ್ಯಕ್ತಿಗೆ ಆಮದು-ರಫ್ತು ಕೋಡ್‌ನಿಂದ ವಿನಾಯಿತಿ ಇದೆ. 'ಕೋಡ್ ಮಾಡಿಸಿಕೊಡ್ತೀನಿ' ಎಂದು ದುಡ್ಡು ಕೇಳುವವರನ್ನು ಅಲ್ಲೇ ನಿಲ್ಲಿಸಿ.

ಹಂತ 1: ಕಾರು ಭಾರತಕ್ಕೆ ಬರಲು ಲಾಯಕ್ಕೇ ನೋಡಿ

ಆಮದು ನಿಯಮಗಳನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಮಾಡುತ್ತದೆ. ಬಳಸಿದ ಕಾರಿಗೆ ಅದು ಹಾಕಿರುವ ಷರತ್ತುಗಳಲ್ಲಿ ಒಂದು ತಪ್ಪಿದರೂ ಕೆಲಸ ಅಲ್ಲಿಗೇ ನಿಂತಿತು.

ಮೊದಲನೆಯದು ಸ್ಟೀರಿಂಗ್. ಅದು ಬಲಗಡೆಗೇ ಇರಬೇಕು. ದುಬೈ, ಅಬುಧಾಬಿ, ದೋಹಾ, ಮಸ್ಕತ್, ಕುವೈತ್, ರಿಯಾದ್, ಎಲ್ಲ ಕಡೆ ಕಾರುಗಳ ಸ್ಟೀರಿಂಗ್ ಎಡಕ್ಕೆ. ಅಮೆರಿಕ, ಕೆನಡಾ, ಜರ್ಮನಿಯಲ್ಲೂ ಹಾಗೆಯೇ. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫಿಗೆ ಹೋದವರ ಕಾರುಗಳು ಬಹುಪಾಲು ಇಲ್ಲೇ ಫೇಲ್. ನಿಮ್ಮದು ಗಲ್ಫ್ ಕಾರಾದರೆ ಅಲ್ಲೇ ಮಾರಿ ಬನ್ನಿ. ಮುಂದಿನ ಹಂತಗಳನ್ನು ಓದಬೇಕಾಗಿಯೇ ಇಲ್ಲ.

'ಸ್ಟೀರಿಂಗ್ ಬಲಕ್ಕೆ ಮಾಡಿಸಿ ತರಬಹುದಲ್ವಾ?' ಎಂದು ಕೇಳುವವರು ಇದ್ದೇ ಇದ್ದಾರೆ. ಬೇಡ. ಕಾರು ತಯಾರಾದಾಗ ಪಡೆದ ಮೂಲ ಪ್ರಮಾಣಪತ್ರಕ್ಕೆ ಅದು ಈಗಲೂ ಹೊಂದುತ್ತದೆ ಎಂದು ಮುಂದೆ ತೋರಿಸಬೇಕಾಗುತ್ತದೆ. ಡ್ಯಾಶ್‌ಬೋರ್ಡ್ ಕೊಯ್ದು, ಸ್ಟೀರಿಂಗ್ ಕಾಲಮ್ಮು ಏರ್‌ಬ್ಯಾಗು ಕಿತ್ತು ಈಚೆಗೆ ಹಾಕಿದ ಗಾಡಿ ಅದನ್ನು ತೋರಿಸಲಾರದು. ಎಡ ಸ್ಟೀರಿಂಗಿನ ಐಷಾರಾಮಿ ಕಾರುಗಳನ್ನು ದುಬೈ, ಶ್ರೀಲಂಕಾದಲ್ಲಿ ಬಲಕ್ಕೆ ಬದಲಾಯಿಸಿ ತಂದ ಜಾಲವನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ 2025ರಲ್ಲಿ ಹಿಡಿದಿದೆ. ಅಧಿಕಾರಿಗಳ ಕಣ್ಣು ಈಗ ಅಲ್ಲೇ ಇದೆ.

ಎರಡನೆಯದು ವಯಸ್ಸು. ತಯಾರಾದ ದಿನದಿಂದ ಕಾರಿಗೆ 3 ವರ್ಷ ದಾಟಿರಬಾರದು. ನೋಂದಣಿಯಾದ ದಿನದಿಂದ ಅಲ್ಲ, ಇದನ್ನು ಮತ್ತೊಮ್ಮೆ ಓದಿ. ಕಾರ್ಖಾನೆಯಿಂದ ಹೊರಬಂದ ಕಾರು ಷೋರೂಮಿನಲ್ಲಿ ಏಳೆಂಟು ತಿಂಗಳು ನಿಂತು ಆಮೇಲೆ ಮಾರಾಟವಾಗಿರಬಹುದು. ಆ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ. ಕಾಗದ, ತಪಾಸಣೆ, ಹಡಗು ಎಲ್ಲ ಮುಗಿಯುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಹಾಗಾಗಿ ಇವತ್ತಿಗೆ ಎರಡೂವರೆ ವರ್ಷ ದಾಟಿದ ಕಾರನ್ನು ನಾನಾದರೆ ಮುಟ್ಟುವುದಿಲ್ಲ.

ಮೂರನೆಯದು ಸ್ಪೀಡೋಮೀಟರ್. ವೇಗ ಕಿಲೋಮೀಟರಿನಲ್ಲಿ ಕಾಣಬೇಕು. ಬ್ರಿಟನ್ನಿನ ಕಾರು ಸ್ಟೀರಿಂಗ್ ಪರೀಕ್ಷೆ ಪಾಸಾಗಿ ಇಲ್ಲಿ ಸಿಕ್ಕಿಬೀಳುತ್ತದೆ, ಅಲ್ಲಿ ಮೈಲಿ ಲೆಕ್ಕ. ಡಿಜಿಟಲ್ ಪರದೆಯಾದರೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು. ಮುಳ್ಳಿನ ಮೀಟರ್ ಆದರೆ ಕಂಪನಿಯದೇ ಕಿಲೋಮೀಟರ್ ಕ್ಲಸ್ಟರ್ (ಮೀಟರುಗಳ ಫಲಕ) ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಕ್ಲಸ್ಟರ್ ಬದಲಾದಾಗ ಓಡಿದ ದೂರವೂ ಬದಲಾಗಬಹುದು. ಹಳೆಯ ಓದನ್ನು ವರ್ಕ್‌ಶಾಪಿನವರಿಂದ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೀಟರ್ ತಿರುಗಿಸಿದ ಕಾರು ಎಂಬ ಅನುಮಾನ ಬರುತ್ತದೆ.

ಹೆಡ್‌ಲೈಟ್ ಎಡಬದಿ ಸಂಚಾರಕ್ಕೆ ಮಾಡಿದ್ದಿರಬೇಕು. ಬ್ರಿಟನ್, ಜಪಾನ್, ಸಿಂಗಾಪುರ, ಆಸ್ಟ್ರೇಲಿಯದ ಕಾರುಗಳಿಗೆ ಇದು ತೊಂದರೆಯಲ್ಲ.

ಇನ್ನೊಂದು ಷರತ್ತನ್ನು ಬಹಳ ಜನ ಓದುವುದೇ ಇಲ್ಲ. ಆಮದಾದ ದಿನದಿಂದ 5 ವರ್ಷ ಕಾರು ರಸ್ತೆಗೆ ಯೋಗ್ಯವಾಗಿರಬೇಕು, ಆ 5 ವರ್ಷವೂ ದೇಶದೊಳಗೆ ಸರ್ವಿಸ್ ಸಿಗುತ್ತದೆ ಎಂಬ ಭರವಸೆ ಕೊಡಬೇಕು. ಭಾರತದಲ್ಲಿ ಮಾರಾಟಕ್ಕೇ ಇಲ್ಲದ ಕಂಪನಿಯ ಕಾರು ಆರಿಸುವ ಮೊದಲು ಈ ಸಾಲನ್ನು ನೆನಪಿಡಿ.

ಹಂತ 2: ನಿಮ್ಮದು ಹೊಸದೋ, ಬಳಸಿದ್ದೋ ತೀರ್ಮಾನಿಸಿ

ಇದರಲ್ಲಿ 'ನನ್ನ ಪ್ರಕಾರ' ಎಂಬುದು ನಡೆಯುವುದಿಲ್ಲ. ಯಾವುದೇ ದೇಶದಲ್ಲಿ ಒಮ್ಮೆ ನೋಂದಣಿಯಾದರೆ ಅದು ಹೊಸ ಕಾರಲ್ಲ. ವಾರದ ಹಿಂದೆ ಷೋರೂಮಿನಿಂದ ಬಂದು ಬರೀ ನೂರು ಕಿಲೋಮೀಟರ್ ಓಡಿದ್ದರೂ ಬಳಸಿದ ಕಾರೇ. ಆಮದಿಗೆ ಮುಂಚೆ ಮಾರಾಟವಾಗಿದ್ದರೂ, ಲೀಸಿಗೆ ಅಥವಾ ಎರವಲು ಹೋಗಿದ್ದರೂ ಹಾಗೆಯೇ.

ಹೊಸ ಕಾರಿನ ದಾರಿಯಲ್ಲಿ ತಯಾರಾದ ದೇಶದಿಂದಲೇ ತರಬೇಕೆಂಬ ನಿಯಮ ಮತ್ತು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಡಿ ಮಾದರಿ ಅನುಮೋದನೆ (ಆ ಮಾದರಿ ಇಲ್ಲಿನ ನಿಯಮಕ್ಕೆ ಹೊಂದುತ್ತದೆ ಎಂದು ಪರೀಕ್ಷಿಸಿ ಒಪ್ಪುವುದು) ಎಂಬ ದೊಡ್ಡ ಗೋಡೆ ಇವೆ. ವರ್ಷಕ್ಕೆ 2,500 ವಾಹನಗಳವರೆಗೆ ಈ ಅನುಮೋದನೆಯಿಂದ ವಿನಾಯಿತಿ ಕೊಡುವ ವ್ಯವಸ್ಥೆ 2018ರಲ್ಲಿ ಬಂತು. ಅದು ಕಂಪನಿಗಳಿಗೆ ಮತ್ತು ಅವರ ಅಧಿಕೃತ ಪ್ರತಿನಿಧಿಗಳಿಗೆ. ಮನೆಗೊಂದು ಕಾರು ತರುವವರಿಗಲ್ಲ. ಹೊಸ ಕಾರೇ ಬೇಕೆಂದರೆ ಆ ಕಂಪನಿಯ ಭಾರತದ ಡೀಲರ್ ಮೂಲಕ ಆರ್ಡರ್ ಮಾಡುವುದೇ ಸರಿ. ಮುಂದಿನ ಹಂತಗಳು ಬಳಸಿದ ಕಾರಿನವು.

ಹಂತ 3: ಸುಂಕದ ಲೆಕ್ಕ ಹಾಕಿ, ಎರಡು ಸಲ ಹಾಕಿ

ಮೊದಲು ಒಂದು ತಪ್ಪು ನಂಬಿಕೆ. ಕಾಯಂ ಆಗಿ ವಾಪಸ್ ಬರುವವರಿಗೆ ಮನೆ ಸಾಮಾನಿನ ಮೇಲೆ ಸುಂಕ ರಿಯಾಯಿತಿ ಇದೆ, ಹಾಗಾಗಿ ಕಾರಿಗೂ ಇರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಕಸ್ಟಮ್ಸ್ ಕಾಯ್ದೆಯ 2(3)ನೇ ಸೆಕ್ಷನ್ 'ಬ್ಯಾಗೇಜ್'ನಲ್ಲಿ ಮೋಟಾರು ವಾಹನ ಸೇರುವುದಿಲ್ಲ ಎಂದು ನೇರವಾಗಿ ಹೇಳಿದೆ. ಇಪ್ಪತ್ತು ವರ್ಷ ವಿದೇಶದಲ್ಲಿದ್ದು ಬಂದರೂ ಪೂರ್ತಿ ಸುಂಕ ಕಟ್ಟಬೇಕು.

2025ರ ಬಜೆಟ್ಟಿನ ನಂತರ ಬಳಸಿದ ಕಾರಿಗೆ ಮೂಲ ಸುಂಕ ಶೇ 70, ಅದರ ಮೇಲೆ ಕೃಷಿ ಮೂಲಸೌಕರ್ಯ ಸೆಸ್ ಶೇ 67.5. ಒಟ್ಟು ಶೇ 137.5. ಬಜೆಟ್ ದಿನ 'ಸುಂಕ ಶೇ 125ರಿಂದ 70ಕ್ಕೆ ಇಳಿಕೆ' ಎಂಬ ಸುದ್ದಿ ಓದಿ ಖುಷಿಪಟ್ಟವರು ಸೆಸ್ ಕಡೆ ನೋಡಿರಲಿಲ್ಲ. ಹಿಂದೆ ಶೇ 125ರ ಮೇಲೆ ಸರ್ಚಾರ್ಜ್ ಸೇರಿ ಬರುತ್ತಿದ್ದದ್ದೂ ಶೇ 137.5 ಆಗಿತ್ತು. ಲೇಬಲ್ ಬದಲಾಯಿತು ಅಷ್ಟೆ.

ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ 40. ಸಣ್ಣ ಪೆಟ್ರೋಲ್ ಕಾರಿಗೆ, ಅಂದರೆ 1200 ಸಿಸಿ ಮತ್ತು 4 ಮೀಟರ್ ಉದ್ದದೊಳಗಿನದಕ್ಕೆ, ಶೇ 18. ಬ್ಯಾಟರಿ ಕಾರಿಗೆ ಶೇ 5. ಈ ತೆರಿಗೆ ಬೀಳುವುದು ಕಾರಿನ ಬೆಲೆಯ ಮೇಲೆ ಅಲ್ಲ, ಬೆಲೆಗೆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ. ಲೆಕ್ಕ ತಪ್ಪುವುದು ಇಲ್ಲೇ.

ಒಂದು ಉದಾಹರಣೆ ನೋಡೋಣ. ಸಾಗಣೆ, ವಿಮೆ ಸೇರಿ ಮುಂಬೈ ತಲುಪಿದಾಗ ಕಾರಿನ ಮೌಲ್ಯ 20 ಲಕ್ಷ ರೂಪಾಯಿ ಎಂದುಕೊಳ್ಳಿ. ಇದನ್ನೇ ಸಿಐಎಫ್ ಮೌಲ್ಯ ಎನ್ನುವುದು.

ಸುಂಕ ಮತ್ತು ಸೆಸ್, ಶೇ 137.5: 27.5 ಲಕ್ಷ. ಇಲ್ಲಿಗೆ 47.5 ಲಕ್ಷ.
ಅದರ ಮೇಲೆ ಐಜಿಎಸ್‌ಟಿ ಶೇ 40: 19 ಲಕ್ಷ. ಇಲ್ಲಿಗೆ 66.5 ಲಕ್ಷ.
ಕರ್ನಾಟಕದ ಆಜೀವ ತೆರಿಗೆ, 20 ಲಕ್ಷ ದಾಟಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್: ಸುಮಾರು 13 ಲಕ್ಷ.

20 ಲಕ್ಷದ ಕಾರು ಮನೆ ಮುಂದೆ ನಿಲ್ಲುವಾಗ 80 ಲಕ್ಷದ ಹತ್ತಿರ. ತಪಾಸಣೆ, ಬಂದರು ಖರ್ಚು, ಇನ್ಶೂರೆನ್ಸ್, ಕಸ್ಟಮ್ಸಿನಿಂದ ಕಾರು ಬಿಡಿಸಿಕೊಡುವ ಬ್ರೋಕರ್ ಶುಲ್ಕ ಇನ್ನೂ ಸೇರಿಲ್ಲ. ಅದೇ ಮಾದರಿಯ ಕಾರು ಇಲ್ಲಿನ ಷೋರೂಮಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆಯೇ ನೋಡಿ. ಬಹಳ ಸಲ ಸಿಗುತ್ತದೆ, ಅದೂ ವಾರಂಟಿ ಸಮೇತ.

ಮೌಲ್ಯದ ಬಗ್ಗೆ ಇನ್ನೆರಡು ಮಾತು. ಪರಿಚಯದವರು ಅಗ್ಗಕ್ಕೆ ಕೊಟ್ಟರು ಎಂಬ ಬಿಲ್ಲನ್ನು ಕಸ್ಟಮ್ಸ್ ಕಣ್ಣುಮುಚ್ಚಿ ಒಪ್ಪುವುದಿಲ್ಲ. ಆ ಮಾದರಿ ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ಸವಕಳಿ ಕಳೆದು, ಅವರದೇ ಲೆಕ್ಕ ಮಾಡಬಹುದು. ಸಾಗಣೆ ಖರ್ಚಿಗೆ ಬಿಲ್ ಇಲ್ಲದಿದ್ದರೆ ಕಾರಿನ ಬೆಲೆಯ ಶೇ 20ನ್ನು ಸಾಗಣೆ ಎಂದೂ, ಶೇ 1.125ನ್ನು ವಿಮೆ ಎಂದೂ ಸೇರಿಸುತ್ತಾರೆ. ನಿಜವಾದ ಖರ್ಚು ಅದಕ್ಕಿಂತ ಕಡಿಮೆಯಿದ್ದರೆ ಒಂದು ಕಾಗದದ ಕೊರತೆಯಿಂದ ಲಕ್ಷಗಟ್ಟಲೆ ಜಾಸ್ತಿ ಕಟ್ಟುತ್ತೀರಿ.

ಸಿಂಗಾಪುರದಿಂದ ತರುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಕಾರಿನ ಬೆಲೆಯಲ್ಲಿ ಸಿಒಇ (ಕಾರು ಇಟ್ಟುಕೊಳ್ಳಲು ದುಡ್ಡು ಕೊಟ್ಟು ಪಡೆಯುವ ಪರವಾನಗಿ) ಮತ್ತು ಅಲ್ಲಿನ ನೋಂದಣಿ ತೆರಿಗೆಗಳೇ ದೊಡ್ಡ ಪಾಲು. ಕಾರಿನ ಅಸಲು ಮೌಲ್ಯವನ್ನು ಬೇರೆಯಾಗಿ ತೋರಿಸುವ ದಾಖಲೆ ನಿಮ್ಮ ಕೈಯಲ್ಲಿರಲಿ.

ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದದ ಸುದ್ದಿ ಓದಿ 'ಇನ್ನು ಶೇ 10 ಸುಂಕ ಅಷ್ಟೆ' ಎಂದು ಲೆಕ್ಕ ಹಾಕಬೇಡಿ. ಆ ಇಳಿಕೆ ಕೋಟಾ ಮಿತಿಯೊಳಗೆ ಬರುವಂಥದ್ದು. ನಿಮ್ಮ ಕಾರಿಗೆ ಯಾವ ದರ ಎಂಬುದನ್ನು ಬ್ರೋಕರ್ ಲಿಖಿತವಾಗಿ ಹೇಳುವವರೆಗೆ ಪೂರ್ತಿ ಸುಂಕವನ್ನೇ ಹಿಡಿದು ಬಜೆಟ್ ಮಾಡಿ.

ಹಂತ 4: ಮೂವರಿಂದ ಮೊದಲೇ ಉತ್ತರ ಪಡೆಯಿರಿ

ಒಬ್ಬರು ಕಸ್ಟಮ್ಸ್ ಬ್ರೋಕರ್. ಬಂದರಿನಲ್ಲಿ ಇವರನ್ನು ಸಿಎಚ್‌ಎ ಎಂದೇ ಕರೆಯುತ್ತಾರೆ. ಮುಂಬೈನಲ್ಲಿ ಬಳಸಿದ ಕಾರುಗಳನ್ನು ಬಿಡಿಸಿದ ಅನುಭವ ಇರುವವರನ್ನೇ ಹಿಡಿಯಿರಿ. ಯಂತ್ರದ ಬಿಡಿಭಾಗ ಬಿಡಿಸುವವರಿಗೆ ಕಾರಿನ ಕಾಗದದ ಗೊಡವೆ ಗೊತ್ತಿರುವುದಿಲ್ಲ.

ಇನ್ನೊಬ್ಬರು ನಿಮ್ಮ ಆರ್‌ಟಿಒ. ಯಾವ ದಾಖಲೆ ಬೇಕು, ಆಜೀವ ತೆರಿಗೆಯನ್ನು ಯಾವ ಮೊತ್ತದ ಮೇಲೆ ಹಾಕುತ್ತೀರಿ ಎಂದು ಅರ್ಜಿ ಬರೆದೇ ಕೇಳಿ. ಜಪಾನಿನ ಒಳ ಮಾರುಕಟ್ಟೆಯ ಕಾರುಗಳಿಗೆ ನಾವು ಕಾಣುವ 17 ಅಕ್ಷರದ ಚಾಸಿಸ್ ನಂಬರ್ ಇರುವುದಿಲ್ಲ, ಚಿಕ್ಕದೊಂದು ಫ್ರೇಮ್ ನಂಬರ್ ಇರುತ್ತದೆ. ಅದನ್ನು ಹೇಗೆ ದಾಖಲಿಸುತ್ತಾರೆ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಮೂರನೆಯವರು ಇನ್ಶೂರೆನ್ಸ್ ಕಂಪನಿ. ಇಲ್ಲಿ ಮಾರಾಟಕ್ಕಿಲ್ಲದ ಮಾದರಿಗೆ ಥರ್ಡ್ ಪಾರ್ಟಿ ಸಿಕ್ಕರೂ ಪೂರ್ಣ ವಿಮೆ ಸಿಗುವುದು ಕಷ್ಟ. ಬೆಲೆ ಎಷ್ಟೆಂದು ಹಿಡಿಯುತ್ತಾರೆ, ಬಿಡಿಭಾಗ ವಿದೇಶದಿಂದ ತರಿಸಿದರೆ ಒಪ್ಪುತ್ತಾರಾ ಎಂದು ಕೇಳಿ.

ಈ ಮೂರರಲ್ಲಿ ಒಂದು ಉತ್ತರ ಬರೀ ಬಾಯಿಮಾತಿನಲ್ಲಿ ಬಂದರೂ ಮುಂದಕ್ಕೆ ಹೋಗಬೇಡಿ.

ಹಂತ 5: ಆ ದೇಶದ ಲೆಕ್ಕ ಅಲ್ಲೇ ಮುಗಿಸಿ

ಕಾರಿನ ಮೇಲೆ ಸಾಲ ಇದ್ದರೆ ತೀರಿಸಿ, ಬ್ಯಾಂಕಿನ ಪತ್ರ ಪಡೆಯಿರಿ. ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರೆ ಹಿಂದಿನವರ ಸಾಲ ಇದೆಯಾ, ಅಪಘಾತದಲ್ಲಿ ವಿಮಾ ಕಂಪನಿ ಗುಜರಿ ಎಂದು ಬರೆದಿದೆಯಾ ಎಂದು ಪರಿಶೀಲಿಸಿ. ಬ್ರಿಟನ್ನಿನಲ್ಲಿ ಇದಕ್ಕೆ ದುಡ್ಡು ಕೊಟ್ಟು ಪಡೆಯುವ ಇತಿಹಾಸ ವರದಿ ಇದೆ. ಅದಿಲ್ಲದೆ ಮುಂಗಡ ಕೊಡಬೇಡಿ.

ಬ್ರಿಟನ್ನಿನಲ್ಲಿ ವಿ5ಸಿ ಲಾಗ್‌ಬುಕ್ ಎಂಬ ನೋಂದಣಿ ಪತ್ರದ ಕಾಯಂ ರಫ್ತಿನ ಭಾಗ ತುಂಬಿ ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಕಳಿಸಿ, ಉಳಿದ ಲಾಗ್‌ಬುಕ್ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಕೆಲವರು ಇಡೀ ಪುಸ್ತಕವನ್ನೇ ಕಳಿಸಿಬಿಡುತ್ತಾರೆ. ಆಮೇಲೆ ಇಲ್ಲಿ ತೋರಿಸಲು ಏನೂ ಇರುವುದಿಲ್ಲ. ಜಪಾನಿನಲ್ಲಿ ನೋಂದಣಿ ರದ್ದು ಮಾಡಿ ರಫ್ತು ಪ್ರಮಾಣಪತ್ರ ಪಡೆಯಬೇಕು, ಅದರ ಇಂಗ್ಲಿಷ್ ಅನುವಾದವನ್ನೂ ಮಾಡಿಸಬೇಕು. ಸಿಂಗಾಪುರದಲ್ಲಿ ನೋಂದಣಿ ರದ್ದಾದಾಗ ಸಿಗುವ ರಿಬೇಟನ್ನು ಮರೆಯಬೇಡಿ.

ರೀಕಾಲ್ (ದೋಷ ಕಂಡು ಕಂಪನಿಯೇ ಕಾರು ವಾಪಸ್ ಕರೆಸಿ ಸರಿಪಡಿಸುವುದು) ಇದೆಯಾ ಎಂದು ಚಾಸಿಸ್ ನಂಬರ್ ಹಾಕಿ ತಯಾರಕರ ಜಾಲತಾಣದಲ್ಲಿ ನೋಡಿ. ಅಲ್ಲಿದ್ದಾಗ ಪುಕ್ಕಟೆಯಾಗಿ ಆಗುವ ರಿಪೇರಿಯನ್ನು ಇಲ್ಲಿ ಯಾರೂ ಮುಟ್ಟದೇ ಇರಬಹುದು.

ಹಂತ 6: ಹಡಗು ಹತ್ತಿಸುವ ಮುಂಚಿನ ತಪಾಸಣೆ

ಸಾಗಣೆಗೆ ತುಸು ಮುಂಚೆ ಕಾರನ್ನು ಪರೀಕ್ಷಿಸಿ, ಅದು ಭಾರತದ ಮೋಟಾರು ವಾಹನ ಕಾಯ್ದೆ ಮತ್ತು ನಿಯಮಗಳಿಗೆ ಹೊಂದುತ್ತದೆ ಎಂದು ಮಾನ್ಯತೆ ಪಡೆದ ತಪಾಸಣಾ ಸಂಸ್ಥೆ ಪ್ರಮಾಣಪತ್ರ ಕೊಡಬೇಕು. ತಯಾರಾದಾಗಿನ ಮೂಲ ಅನುಮೋದನೆಗೆ ಈಗಲೂ ಹೊಂದುತ್ತದೆ ಎಂಬುದಕ್ಕೆ ಇನ್ನೊಂದು. ಎರಡೂ ಬೇಕು.

ಇಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಒಂದೇ ಥರದ್ದು. ಅಲ್ಲಿನ ಕಡ್ಡಾಯ ತಪಾಸಣೆಯ ಚೀಟಿ, ಅಂದರೆ ಬ್ರಿಟನ್ನಿನ ಎಂಒಟಿ ಅಥವಾ ಜಪಾನಿನ ಶಾಕೆನ್, ಸಾಕು ಎಂದುಕೊಳ್ಳುವುದು. ಸಾಲದು. ಅವು ಆಯಾ ದೇಶದ ರಸ್ತೆಗೆ ಮಾತ್ರ. ಹೊಗೆಯ ವಿಷಯವೂ ಹಾಗೆಯೇ. ಇಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ಮಾನದಂಡ ಜಾರಿಯಲ್ಲಿದೆ. ಸಂಸ್ಥೆಗೆ ಕಾರು ಒಪ್ಪಿಸುವ ಮೊದಲು ಪ್ರಮಾಣಪತ್ರದ ನಮೂನೆ ತರಿಸಿ ನಿಮ್ಮ ಸಿಎಚ್‌ಎಗೆ ತೋರಿಸಿ. ಪದಗಳು ಸರಿ ಇವೆಯಾ ಎಂದು ಅವರೇ ಹೇಳಲಿ.

ಹಂತ 7: ಸಾಗಣೆ, ಮುಂಬೈಗೆ ಮಾತ್ರ

ಬಳಸಿದ ಕಾರು ಬರಬೇಕಾದದ್ದು ಮುಂಬೈ ಬಂದರಿಗೆ. ಪಣಂಬೂರು ಮನೆಗೆ ಹತ್ತಿರ, ಚೆನ್ನೈಗೆ ಬಾಡಿಗೆ ಕಡಿಮೆ, ಕೊಚ್ಚಿಯಲ್ಲಿ ಪರಿಚಯದವರಿದ್ದಾರೆ ಎಂಬ ಕಾರಣಕ್ಕೆ ಬೇರೆ ಕಡೆ ಇಳಿಸಿದರೆ ಅದೇ ಉಲ್ಲಂಘನೆ. ಚೆನ್ನೈ, ಕೊಚ್ಚಿ, ನ್ಹಾವಾ ಶೇವಾ ಹೆಸರುಗಳು ಹೊಸ ಕಾರಿನ ಪಟ್ಟಿಯಲ್ಲಿವೆ. ಆ ಪಟ್ಟಿ ನೋಡಿಯೇ ಜನ ಮೋಸ ಹೋಗುವುದು. ಹಡಗು ಕಂಪನಿ ಕೊಡುವ ಸರಕಿನ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ಇಳಿಯುವ ಬಂದರಿನ ಹೆಸರನ್ನು ನೀವೇ ಓದಿ ನೋಡಿ.

ಕಂಟೇನರ್ ಸುರಕ್ಷಿತ, 20 ಅಡಿಯದರಲ್ಲಿ ಒಂದು ಕಾರು. ಕಾರನ್ನು ನೇರ ಓಡಿಸಿ ಹತ್ತಿಸುವ ರೋ-ರೋ ಹಡಗು ಅಗ್ಗವಾಗಬಹುದು, ಗೀರು ಬೀಳುವ ಸಾಧ್ಯತೆ ಜಾಸ್ತಿ. ಯಾವುದಾದರೂ ಸರಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ. ನಾಲ್ಕೂ ಕಡೆಯಿಂದ, ಒಳಗಿನಿಂದ, ಮೀಟರಿನ ಓದು ಕಾಣುವಂತೆ ಫೋಟೋ ತೆಗೆದಿಡಿ.

ಕಾರಿನೊಳಗೆ ಮನೆ ಸಾಮಾನು ತುಂಬಬೇಡಿ. 'ಹೇಗೂ ಜಾಗ ಖಾಲಿ ಇದೆ' ಎಂದು ಮಿಕ್ಸಿ, ಟೀವಿ, ಮಕ್ಕಳ ಸೈಕಲ್ ಇಟ್ಟವರು ಕಸ್ಟಮ್ಸಿನಲ್ಲಿ ಒಂದೊಂದಕ್ಕೂ ವಿವರಣೆ ಕೊಡಬೇಕಾಗುತ್ತದೆ. ಘೋಷಿಸದ ಸಾಮಾನು ಸಿಕ್ಕರೆ ಕಾರಿನ ಕಾಗದದ ಮೇಲೂ ಅನುಮಾನ.

ಸಾಗಣೆ ವಿಮೆ ಎಲ್ಲ ಬಗೆಯ ಅಪಾಯವನ್ನೂ ಒಳಗೊಂಡಿರಲಿ. ಹಡಗಿಗೆ ಆಪತ್ತು ಬಂದು ಒಂದಷ್ಟು ಸರಕನ್ನು ಬಲಿಕೊಟ್ಟು ಉಳಿದದ್ದನ್ನು ಉಳಿಸಿದರೆ, ಆ ನಷ್ಟವನ್ನು ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕು. ಇದು ಸಮುದ್ರ ವ್ಯಾಪಾರದ ಹಳೆಯ ನಿಯಮ. ನಿಮ್ಮ ಕಾರಿಗೆ ಒಂದು ಗೀರೂ ಆಗದಿದ್ದರೂ ನಿಮ್ಮ ಪಾಲಿನ ಬಿಲ್ ಬರಬಹುದು. ವಿಮೆ ಇದ್ದರೆ ಅದನ್ನು ವಿಮಾ ಕಂಪನಿಯವರು ನೋಡಿಕೊಳ್ಳುತ್ತಾರೆ.

ಹಂತ 8: ಮುಂಬೈ ಕಸ್ಟಮ್ಸ್

ಇಲ್ಲಿ ಗಡಿಯಾರವೇ ಶತ್ರು. ಬಿಲ್ ಆಫ್ ಎಂಟ್ರಿಯನ್ನು (ಸರಕಿನ ವಿವರ, ಮೌಲ್ಯ ಘೋಷಿಸಿ ಕಸ್ಟಮ್ಸಿಗೆ ಕೊಡುವ ದಾಖಲೆ) ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. 30 ದಿನ ಮುಂಚಿನಿಂದಲೇ ಸಲ್ಲಿಸಬಹುದು. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಸುಂಕ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಇದರ ಜೊತೆ ಬಂದರಿನ ಬಾಡಿಗೆ, ಕಂಟೇನರ್ ಬಾಡಿಗೆ ಬೇರೆ ಬೇರೆ ಓಡುತ್ತಿರುತ್ತವೆ. 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು ಹರಾಜು ಹಾಕಲು ಕಾಯ್ದೆಯಲ್ಲಿ ದಾರಿ ಇದೆ.

ಹಾಗಾಗಿ ಹಡಗು ಹೊರಡುವ ಮುಂಚೆಯೇ ಸುಂಕದ ಪೂರ್ತಿ ಹಣ, ಅದರ ಮೇಲೆ ಒಂದಿಷ್ಟು, ಖಾತೆಯಲ್ಲಿರಲಿ. ಫಿಕ್ಸೆಡ್ ಡೆಪಾಸಿಟ್ ಮುರಿಸುವುದು, ಸೈಟ್ ಮಾರುವುದು ಇವೆಲ್ಲ ಕಾರು ಬಂದ ಮೇಲೆ ಮಾಡುವ ಕೆಲಸವಲ್ಲ.

ಅಧಿಕಾರಿ ಕಾರಿನ ಮುಂದೆ ನಿಂತು ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಿಕೆ ದಿನಾಂಕವನ್ನು ಕಾಗದದ ಜೊತೆ ತಾಳೆ ನೋಡುತ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಕೆಲಸ ನಿಲ್ಲುತ್ತದೆ. ಷರತ್ತು ಮೀರಿದ್ದು ಸಾಬೀತಾದರೆ ಕಾರು ಮುಟ್ಟುಗೋಲಾಗಬಹುದು. ಬಿಡಿಸಿಕೊಳ್ಳುವ ಅವಕಾಶ ಕೊಟ್ಟರೂ ಸುಂಕದ ಮೇಲೆ ಬಿಡುಗಡೆ ದಂಡ ಒಂದು, ವೈಯಕ್ತಿಕ ದಂಡ ಇನ್ನೊಂದು. 'ದಂಡ ಕಟ್ಟಿ ತಗೊಂಡ್ರಾಯ್ತು' ಎಂದು ಸಲಹೆ ಕೊಡುವವರು ಆ ದಂಡವನ್ನು ತಾವು ಕಟ್ಟುವುದಿಲ್ಲ ನೋಡಿ.

ಹಂತ 9: ಭಾರತದೊಳಗಿನ ಪರೀಕ್ಷೆ

ಬಂದ ಕಾರನ್ನು ಪುಣೆಯ ಎಆರ್‌ಎಐ, ಹಿಂದೆ ಅಹ್ಮದ್‌ನಗರ ಎನ್ನುತ್ತಿದ್ದ ಅಹಿಲ್ಯಾನಗರದ ವಿಆರ್‌ಡಿಇ, ಅಥವಾ ಮಧ್ಯಪ್ರದೇಶದ ಬುದ್ನಿಯ ಕೇಂದ್ರದಲ್ಲಿ ಪರೀಕ್ಷೆಗೆ ಒಡ್ಡಬೇಕು. ಮುಂಬೈಗೆ ಹತ್ತಿರ ಪುಣೆ. ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ನೋಂದಣಿಯಿಲ್ಲದ ಕಾರನ್ನು ಎಕ್ಸ್‌ಪ್ರೆಸ್‌ವೇ ಮೇಲೆ ಓಡಿಸಿಕೊಂಡು ಹೋಗಬೇಡಿ, ಟ್ರಕ್ಕಿನ ಮೇಲೆ ಹಾಕಿ ಕಳಿಸಿ.

ಹಂತ 10: ಕರ್ನಾಟಕದಲ್ಲಿ ನೋಂದಣಿ

ಫಾರಂ 20, ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ಚಲನ್, ಕಸ್ಟಮ್ಸ್ ಬಿಡುಗಡೆ ಪತ್ರ, ಪರೀಕ್ಷಾ ವರದಿ, ವಿದೇಶದ ಮೂಲ ನೋಂದಣಿ ಪತ್ರ, ಇನ್ಶೂರೆನ್ಸ್, ವಿಳಾಸದ ಪುರಾವೆ. ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ತಂದು ನಿಲ್ಲಿಸಬೇಕು. ತೆರಿಗೆ ಕಟ್ಟಿದ ಮೇಲೆ ನಂಬರ್, ಆಮೇಲೆ ಎಚ್‌ಎಸ್‌ಆರ್‌ಪಿ ಫಲಕ.

ಆಜೀವ ತೆರಿಗೆ ಜಾಸ್ತಿ ಎಂದು ಪುದುಚೇರಿಯಲ್ಲೋ ಮಹಾರಾಷ್ಟ್ರದಲ್ಲೋ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ಐಡಿಯಾ ಹಳೆಯದು. ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ಇಂಥ ಐಷಾರಾಮಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯ ಮಾಲೀಕರು ದಂಡ ಸೇರಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಬೇಕಾಯಿತು.

ಕಾರ್ನೆ ಎಂಬ ಅಡ್ಡದಾರಿ, ಅದು ದಾರಿಯೇ ಅಲ್ಲ

ಕೇರಳದ ರಸ್ತೆಗಳಲ್ಲಿ, ಆಗಾಗ ಮಂಗಳೂರಿನಲ್ಲೂ, ದುಬೈ ನಂಬರ್ ಪ್ಲೇಟಿನ ಎಡ ಸ್ಟೀರಿಂಗ್ ಕಾರು ಕಂಡು 'ಅವರಿಗೆ ಹೇಗೆ ಸಾಧ್ಯವಾಯ್ತು?' ಎಂದು ಕೇಳುವವರಿದ್ದಾರೆ. ಅದು ಕಾರ್ನೆ ಎಂಬ ಪ್ರವಾಸಿ ಪರವಾನಗಿ. ಸುಂಕವಿಲ್ಲದೆ ಸಾಮಾನ್ಯವಾಗಿ 6 ತಿಂಗಳಿಗೆ ಬಿಡುತ್ತಾರೆ, ಆಮೇಲೆ ಕಾರು ವಾಪಸ್ ಹೋಗಲೇಬೇಕು. ಇಲ್ಲಿ ಮಾರುವಂತಿಲ್ಲ, ಬಾಡಿಗೆಗೆ ಓಡಿಸುವಂತಿಲ್ಲ, ನೋಂದಣಿಯ ಮಾತಂತೂ ಇಲ್ಲ. ವಾಪಸ್ ಹೋಗದಿದ್ದರೆ ಕಾರ್ನೆಗಾಗಿ ಇಟ್ಟ ಭದ್ರತಾ ಹಣದಿಂದಲೇ ಸುಂಕ ವಸೂಲಿ. ರಜೆಗೆ ಬಂದು ಕರಾವಳಿ ಸುತ್ತಿ ಹೋಗುವವರಿಗೆ ಇದು ಚೆಂದ. ಊರಿಗೆ ಕಾರು ತರುವವರಿಗಲ್ಲ.

ಇಲ್ಲೇ ಇರುವ 'ಇಂಪೋರ್ಟೆಡ್' ಕಾರು ಕೊಳ್ಳುವವರಿಗೆ

ಇಷ್ಟೆಲ್ಲ ಓದಿ, ಯಾರೋ ಆಗಲೇ ತಂದಿರುವ ಕಾರನ್ನೇ ಕೊಳ್ಳೋಣ ಎಂದು ಅನ್ನಿಸಬಹುದು. ಅಪಾಯ ಇಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ತಪ್ಪು ಮಾಡಿದವರು ಬೇರೆ, ಕಾರು ಇರುವುದು ನಿಮ್ಮ ಮನೆ ಮುಂದೆ.

2021ರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ 'ಆಪರೇಷನ್ ಮಾಂಟೆ ಕಾರ್ಲೊ' ಹೆಸರಿನಲ್ಲಿ ಒಂದು ಜಾಲ ಹಿಡಿಯಿತು. ರಾಜತಾಂತ್ರಿಕರ ಹೆಸರಿನಲ್ಲಿ ಸುಂಕವಿಲ್ಲದೆ ಬಂದ ಕಾರುಗಳು ಬೇರೆಯವರ ಕೈಗೆ ಹೋಗುತ್ತಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿ ಕಸ್ಟಮ್ಸ್ 'ಆಪರೇಷನ್ ನುಮ್‌ಖೋರ್' ನಡೆಸಿತು. ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದು ನಕಲಿ ದಾಖಲೆಗಳ ಮೇಲೆ ಇಲ್ಲಿ ನೋಂದಣಿಯಾದ ಕಾರುಗಳ ತನಿಖೆ ಅದು. ಆರ್‌ಸಿ ಕೈಯಲ್ಲಿತ್ತು, ಆನ್‌ಲೈನಿನಲ್ಲೂ ಕಾಣುತ್ತಿತ್ತು ಎಂಬ ಮಾತು ವಶಪಡಿಸಿಕೊಳ್ಳುವುದನ್ನು ತಡೆಯಲಿಲ್ಲ.

ಹಾಗಾಗಿ ಆರ್‌ಸಿ ನೋಡಿ ಸಮಾಧಾನಪಡಬೇಡಿ. ಬಿಲ್ ಆಫ್ ಎಂಟ್ರಿ ಕೇಳಿ. ಅದರ ನಂಬರನ್ನು ಕಸ್ಟಮ್ಸಿನ ಐಸ್‌ಗೇಟ್ ತಾಣದಲ್ಲಿ ತಾಳೆ ನೋಡಿ. ಚಾಸಿಸ್ ನಂಬರ್ ಕಾರಿನ ಮೈಮೇಲೆ, ಬಿಲ್ಲಿನಲ್ಲಿ, ಆರ್‌ಸಿಯಲ್ಲಿ ಒಂದೇ ಇದೆಯಾ ನೋಡಿ. ಮೊದಲ ನೋಂದಣಿ ದೂರದ ಯಾವುದೋ ಸಣ್ಣ ಆರ್‌ಟಿಒದಲ್ಲಿ ಆಗಿ, ಆಮೇಲೆ ಎರಡು ಮೂರು ರಾಜ್ಯ ಸುತ್ತಿ ಬಂದಿದ್ದರೆ ಕೈಬಿಡಿ.

ಮಾರುವವರ ಬಾಯಲ್ಲಿ ಈ ಮಾತುಗಳು ಬಂದರೂ ಎದ್ದು ಬನ್ನಿ: 'ಬಿಲ್ ಕಳೆದುಹೋಗಿದೆ', 'ಅರ್ಧ ದುಡ್ಡು ಕ್ಯಾಶ್ ಕೊಡಿ', 'ಎಂಬೆಸಿ ಗಾಡಿ ಸಾರ್', 'ಮಿಲಿಟರಿ ಹರಾಜಿನದು', 'ನಂಬರ್ ಆಮೇಲೆ ಮಾಡಿಸಿಕೊಳ್ಳಿ'.

ನೋಂದಣಿಯಾದ ಮೇಲೆ ಕಾಡುವ ಸಣ್ಣಪುಟ್ಟ ವಿಷಯಗಳು

ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಬಹುಪಾಲು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ನಿಮ್ಮ ಕಾರಿನ ಕೈಪಿಡಿ ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದಿದ್ದರೆ, ಇದನ್ನು ಹಂತ 1ರಲ್ಲೇ ಯೋಚಿಸಬೇಕು. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲೂ ಬರೆದಿರುತ್ತದೆ.

ಜಪಾನಿನ ಬ್ಯಾಟರಿ ಕಾರಿಗೆ ಚಾಡೆಮೊ ಪ್ಲಗ್, ನಮ್ಮ ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳಲ್ಲಿ ಇರುವುದು ಹೆಚ್ಚಾಗಿ ಸಿಸಿಎಸ್2. ಮನೆಯಲ್ಲಿ ನಿಧಾನಕ್ಕೆ ಚಾರ್ಜ್ ಮಾಡಬಹುದು, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟರೆ ಕಷ್ಟ. ಪರದೆಯ ಮೇಲಿನ ಜಪಾನಿ ಅಕ್ಷರಗಳು ಎಲ್ಲ ಮಾದರಿಯಲ್ಲೂ ಇಂಗ್ಲಿಷಿಗೆ ಬದಲಾಗುವುದಿಲ್ಲ. ರೇಡಿಯೋ ಕೂಡ ಅಲ್ಲಿನ ಬ್ಯಾಂಡಿನದು. 76ರಿಂದ ಶುರುವಾಗಿ ಸಾಮಾನ್ಯವಾಗಿ 95ರ ಹತ್ತಿರ ನಿಂತುಬಿಡುತ್ತದೆ, ಅದರಾಚೆಗಿನ ನಮ್ಮ ಎಫ್‌ಎಂ ಸ್ಟೇಷನ್‌ಗಳು ಬರುವುದಿಲ್ಲ.

ವಿದೇಶದ ವಾರಂಟಿ ಇಲ್ಲಿ ನಡೆಯುತ್ತದೆ ಎಂದು ಎಣಿಸಬೇಡಿ. ಬ್ರೇಕ್ ಪ್ಯಾಡ್, ಫಿಲ್ಟರ್, ವೈಪರ್, ಒಂದು ಜೊತೆ ಸೈಡ್ ಮಿರರ್, ಒಂದು ಹೆಡ್‌ಲೈಟ್ ಇವುಗಳ ಪಾರ್ಟ್ ನಂಬರ್ ಬರೆದಿಟ್ಟುಕೊಂಡು, ವಾಪಸ್ ಬರುವ ಮುಂಚೆಯೇ ತರಿಸಿಡಿ. ಅವನ್ನು ಕಾರಿನ ಡಿಕ್ಕಿಯಲ್ಲಿಡದೆ ಬೇರೆ ಪೆಟ್ಟಿಗೆಯಲ್ಲಿ, ಬಿಲ್ ಸಮೇತ, ಘೋಷಿಸಿ ತನ್ನಿ.